ಬೆನ್ನುಹುರಿಯ ಪಕ್ಕದಲ್ಲಿ ಕರೆಂಟು: ಕಂಪ್ಯೂಟರ್ ಲೆಕ್ಕವನ್ನು ನಂಬಬಹುದಾ?

ಪ್ರಶ್ನೆ: ಅಮ್ಮನ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದೆ. ರೇಡಿಯೇಷನ್ ಆದ ಮೇಲೂ ನೋವು ಮತ್ತೆ ಬಂದಿದೆ. ಡಾಕ್ಟರು ಎಲೆಕ್ಟ್ರೋಕೀಮೋಥೆರಪಿ (ಕರೆಂಟು ಕೊಟ್ಟು ಕ್ಯಾನ್ಸರ್ ಔಷಧಿಯನ್ನು ಗೆಡ್ಡೆಯ ಕೋಶಗಳೊಳಗೆ ಸೇರಿಸುವ ಚಿಕಿತ್ಸೆ) ಮಾಡೋಣ, ಮೊದಲು ಕಂಪ್ಯೂಟರಿನಲ್ಲಿ ಪ್ಲಾನ್ ಆಗಬೇಕು ಎಂದಿದ್ದಾರೆ. ಬೆನ್ನುಹುರಿಯ ಪಕ್ಕದಲ್ಲೇ ಕರೆಂಟು ಅಂದರೆ ಭಯವಾಗುತ್ತದೆ. ಆ ಲೆಕ್ಕ ನಂಬುವಂಥದ್ದಾ?

ಉತ್ತರ: ನಿಮ್ಮ ಭಯ ಸಹಜ. ಈ ಕರೆಂಟು ಗೆಡ್ಡೆಯನ್ನು ಸುಡುವುದಿಲ್ಲ. ಗೆಡ್ಡೆಯಲ್ಲಿ ಅಥವಾ ಅದರ ಸುತ್ತ ಸೂಜಿಗಳನ್ನು ಚುಚ್ಚಿ, ಸಾಮಾನ್ಯವಾಗಿ ಒಂದು ಜೋಡಿ ಸೂಜಿಗಳ ನಡುವೆ ಕರೆಂಟಿನ 8 ಮಿಡಿತ ಕೊಡುತ್ತಾರೆ. ಒಂದೊಂದೂ 100 ಮೈಕ್ರೋಸೆಕೆಂಡ್ ಮಾತ್ರ. ಅಷ್ಟರಲ್ಲಿ ಜೀವಕೋಶದ ಪೊರೆಯಲ್ಲಿ ಸಣ್ಣ ರಂಧ್ರಗಳು ತೆರೆದು, ತಾನಾಗಿ ಒಳಗೆ ಹೋಗಲು ಕಷ್ಟಪಡುವ ಬ್ಲಿಯೋಮೈಸಿನ್ ಔಷಧಿ ನುಗ್ಗುತ್ತದೆ. ಗೆಡ್ಡೆಯ ಯಾವುದೋ ಮೂಲೆಗೆ ಕರೆಂಟಿನ ಬಲ ಸಾಲದಿದ್ದರೆ ಅಲ್ಲಿನ ಕೋಶಗಳು ಉಳಿದು ಮತ್ತೆ ಬೆಳೆಯಬಹುದು. ಜಾಸ್ತಿಯಾದರೆ ಪಕ್ಕದ ಒಳ್ಳೆಯ ಕೋಶಗಳೂ ಸಾಯುತ್ತವೆ.

ಬೆನ್ನುಮೂಳೆಯಲ್ಲಿ ಇದನ್ನು ಅಂದಾಜಿನಲ್ಲಿ ಮಾಡಲು ಆಗುವುದಿಲ್ಲ. ಗಟ್ಟಿ ಮೂಳೆ ಕರೆಂಟನ್ನು ತಡೆಯುತ್ತದೆ. ಬೆನ್ನುಹುರಿಯ ಸುತ್ತಲಿನ ದ್ರವ ಅದಕ್ಕಿಂತ ಹತ್ತಾರು ಪಟ್ಟು ಸಲೀಸಾಗಿ ಹರಿಯಬಿಡುತ್ತದೆ. ಗೆಡ್ಡೆ ಮೂಳೆಯನ್ನು ತಿಂದುಹಾಕಿದ್ದರೆ ಕರೆಂಟಿನ ದಾರಿಯೇ ಬದಲಾಗುತ್ತದೆ. ಸಾಲದ್ದಕ್ಕೆ, ರಂಧ್ರ ತೆರೆದ ಕೋಶಗಳಲ್ಲಿ ಕರೆಂಟು ಇನ್ನಷ್ಟು ಸುಲಭವಾಗಿ ಹರಿಯುತ್ತದೆ, ಹಾಗಾಗಿ ಲೆಕ್ಕವನ್ನು ಮತ್ತೆ ಮತ್ತೆ ತಿದ್ದಬೇಕು. ಇಷ್ಟನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಲು ಯಾರಿಂದ ಆಗುತ್ತದೆ?

ಅದಕ್ಕೇ ಸಿಟಿ ಮತ್ತು ಎಂಆರ್‌ಐ ಚಿತ್ರಗಳ ಮೇಲೆ ಗೆಡ್ಡೆ, ಮೂಳೆ, ದ್ರವ, ಬೆನ್ನುಹುರಿ, ನರದ ಬೇರುಗಳನ್ನು ಬೇರೆ ಬೇರೆಯಾಗಿ ಗುರುತು ಮಾಡುತ್ತಾರೆ. ಕಂಪ್ಯೂಟರ್ ಆ ಜಾಗವನ್ನು ಪುಟ್ಟ ಪುಟ್ಟ ತುಂಡುಗಳಾಗಿ ನೋಡಿ, ಪ್ರತಿ ತುಂಡಿಗೂ ಎಷ್ಟು ಬಲ ಬೀಳುತ್ತದೆ ಎಂದು ಹೇಳುತ್ತದೆ. ಸೂಜಿಯ ಜಾಗ, ವೋಲ್ಟೇಜ್ ಬದಲಿಸಿ ನೋಡುತ್ತಾ ಹೋಗುತ್ತಾರೆ. ಗೆಡ್ಡೆ ಪೂರ್ತಿ ಆವರಿಸಬೇಕು, ಹುರಿಗೆ ಆದಷ್ಟು ಕಡಿಮೆ ತಾಗಬೇಕು.

ಗಣಿತ ಗಟ್ಟಿಯಾಗಿದೆ. ನನಗೆ ಚಿಂತೆ ಇರುವುದು ಅದಕ್ಕೆ ಕೊಡುವ ಮಾಹಿತಿಯ ಬಗ್ಗೆ. ಗೆಡ್ಡೆಯ ಅಂಚನ್ನು ಗುರುತಿಸುವುದು ಮನುಷ್ಯರು, ಅಥವಾ ಮನುಷ್ಯರು ಪರೀಕ್ಷಿಸಬೇಕಾದ ಸಾಫ್ಟ್‌ವೇರ್. ನಿಮ್ಮ ಅಮ್ಮನ ಮೂಳೆಯಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಎಂದು ಯಾರೂ ಮೊದಲೇ ಅಳೆದಿರುವುದಿಲ್ಲ, ಬೇರೆ ಕಡೆ ಅಳೆದ ಸಂಖ್ಯೆಗಳನ್ನೇ ಬಳಸುತ್ತಾರೆ. ಸೂಜಿಯಂತೂ ಮೂಳೆಯೊಳಗೆ ಹೋಗುವಾಗ ಒಂದೆರಡು ಮಿಲಿಮೀಟರ್ ಆಚೀಚೆ ಆಗಬಹುದು. ಆದ್ದರಿಂದ ಸಂಕೋಚಪಡದೆ ಡಾಕ್ಟರನ್ನು ಕೇಳಿ: "ಸೂಜಿ ಹಾಕಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ, ಅದು ನಿಜವಾಗಿ ಇರುವ ಜಾಗಕ್ಕೆ ತಕ್ಕಂತೆ ಲೆಕ್ಕ ತಿದ್ದುತ್ತೀರಾ?" ಹೌದು ಎಂದರೆ ನನಗೆ ಅರ್ಧ ಸಮಾಧಾನ. ಯಂತ್ರ ತೋರಿಸುವ ಕರೆಂಟನ್ನು ಪ್ಲಾನ್ ಜೊತೆ ಹೋಲಿಸುತ್ತಾರಾ ಎಂದೂ ಕೇಳಿ.

ಬೆನ್ನಿನಲ್ಲಿ ಹಳೆಯ ಸ್ಕ್ರೂ ಅಥವಾ ರಾಡ್, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಶ್ವಾಸಕೋಶ, ಮೂತ್ರಪಿಂಡದ ತೊಂದರೆಯನ್ನೂ ಮುಚ್ಚಿಡಬೇಡಿ, ಬ್ಲಿಯೋಮೈಸಿನ್‌ಗೆ ಅದು ಮುಖ್ಯ.

ಒಂದು ವೇಳೆ ಅಮ್ಮನ ಕಾಲಿನ ಶಕ್ತಿ ಕುಂದಿದರೆ, ಮರಗಟ್ಟಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಪ್ಲಾನ್ ಮುಗಿಯಲಿ ಎಂದು ಕಾಯಬೇಡಿ. ಹುರಿ ಒತ್ತಿಹೋಗುತ್ತಿರಬಹುದು. ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.