ಫಾರ್ಮಿನಿಂದ ತಂದ ಲೇಯರ್ ಕೋಳಿಗೆ ಗರಿಗಿಂತ ಮೊದಲು ಮೂಳೆ ಗಟ್ಟಿಯಾಗಬೇಕು

ಮುಚ್ಚುತ್ತಿದ್ದ ಫಾರ್ಮಿನಿಂದ ಲೇಯರ್ ಕೋಳಿ, ಅಂದರೆ ಮೊಟ್ಟೆಗೆಂದೇ ಸಾಕುವ ಕೋಳಿ ತಂದಿದ್ದೀರಿ, ಮೈಯಲ್ಲಿ ಗರಿ ಇಲ್ಲ, ಅಂಗಳಕ್ಕೆ ಬಿಟ್ಟರೆ ಇದ್ದಲ್ಲೇ ಕೂರುತ್ತವೆ, ಊರ ಕೋಳಿಗಳ ಜೊತೆ ಬಿಟ್ಟು ಅಕ್ಕಿ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಬೇಡ, ಎರಡೂ ಬೇಡ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು, ಇಂಥ ಕೋಳಿಗಳನ್ನು ಸಾಕುತ್ತಿದ್ದೇನೆ. ಇವನ್ನು ಊರ ಕೋಳಿ ಹಾಗೆ ನೋಡಿಕೊಂಡರೆ ಉಳಿಯುವುದು ಕಷ್ಟ.

ತಮಿಳುನಾಡಿನ ನಾಮಕ್ಕಲ್‌ನಿಂದ ನಮ್ಮ ಅಂಗಡಿಗಳಿಗೆ ಬರುತ್ತದಲ್ವಾ ಬಿಳಿ ಮೊಟ್ಟೆ, ಅದನ್ನು ಇಡುವುದು ಇದೇ ಜಾತಿಯ ಕೋಳಿಗಳು. ವರ್ಷಕ್ಕೆ 300ರ ಹತ್ತಿರ ಮೊಟ್ಟೆ. ಒಂದೊಂದು ಮೊಟ್ಟೆಯ ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಆಹಾರದಲ್ಲಿ ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಅದರ ಮೇಲೆ ಪಂಜರದಲ್ಲಿ ಒಂದು ಎ4 ಕಾಗದದಷ್ಟೂ ಜಾಗ ಇಲ್ಲದೆ ನಿಂತಿದ್ದು, ನಡೆದಿಲ್ಲ, ಹಾರಿಲ್ಲ. ಹಾಗಾಗಿ ಮೂಳೆ ತುಂಬ ಸುಲಭವಾಗಿ ಮುರಿಯುತ್ತದೆ. ಕಾಲು, ರೆಕ್ಕೆ ಹಿಡಿದು ಎತ್ತಲೇಬೇಡಿ, ಎರಡೂ ಕೈಯಲ್ಲಿ ರೆಕ್ಕೆ ಮೈಗೆ ಒತ್ತಿಕೊಂಡು ಎತ್ತಿ. ಹತ್ತಿ ಕೂರಲು ಕೋಲು ಕಟ್ಟುವುದಾದರೆ ನೆಲದಿಂದ ಒಂದು ಗೇಣು ಎತ್ತರ ಸಾಕು.

ಮೊದಲ ಮೂರು ನಾಲ್ಕು ವಾರ ದನದ ಹಟ್ಟಿಯ ಒಂದು ಮೂಲೆಯಲ್ಲೋ ಎಲ್ಲೋ ಬೇರೆಯೇ ಇಡಿ, ರೋಗ ಇದ್ದರೆ ಗೊತ್ತಾಗುತ್ತದೆ, ಊರ ಕೋಳಿಗಳು ಕುಕ್ಕುವುದೂ ತಪ್ಪುತ್ತದೆ. ಕೆಳಗೆ ಒಣ ತರಗೆಲೆ ದಪ್ಪಕ್ಕೆ ಹಾಸಿ, ಮಳೆಗಾಲದಲ್ಲಿ ಒದ್ದೆಯಾದ ಕೂಡಲೇ ಬದಲಿಸಿ. ಪಂಜರದಲ್ಲಿ ಕೊಕ್ಕು ತಾಗಿಸಿದರೆ ನೀರು ಹನಿಯುವ ನಿಪ್ಪಲ್‌ನಿಂದ ನೀರು ಕುಡಿದು ಅಭ್ಯಾಸ ಇರುವ ಕೋಳಿಗೆ ಪಾತ್ರೆಯಲ್ಲಿರುವುದು ನೀರು ಅಂತ ಗೊತ್ತಾಗದೇ ಇರಬಹುದು, ಅದರ ಕೊಕ್ಕನ್ನು ಮೆಲ್ಲಗೆ ನೀರಿಗೆ ತಾಗಿಸಿ, ಮೂಗು ಮುಳುಗದ ಹಾಗೆ. ಸಂಜೆ ಗೂಡಿಗೆ ಹೋಗುವುದೂ ತಿಳಿದಿರುವುದಿಲ್ಲ, ಕೆಲವು ದಿನ ನೀವೇ ಎತ್ತಿ ಒಳಗಿಡಬೇಕು. ಬಾಗಿಲು ಭದ್ರ ಇರಲಿ, ಕೀರಿ, ಕಾಡುಬೆಕ್ಕು ಬಂದರೆ ಓಡಲೂ ಬಾರದ ಪಾಪದ ಜೀವಗಳು ಇವು.

ತಿನ್ನಲು ಲೇಯರ್ ಫೀಡನ್ನೇ, ಅಂದರೆ ಮೊಟ್ಟೆ ಕೋಳಿಗೆಂದು ಸಿಗುವ ಆಹಾರವನ್ನೇ ಮುಂದುವರಿಸಿ. ಅಕ್ಕಿ, ಅನ್ನ ತಿಂದು ಹೊಟ್ಟೆ ತುಂಬಿದರೆ ಫೀಡ್ ಬಿಡುತ್ತವೆ, ಆಗ ಪ್ರೋಟೀನ್ ಕಡಿಮೆಯಾಗುತ್ತದೆ. ಗರಿ ಹುಟ್ಟುವುದೇ ಪ್ರೋಟೀನ್‌ನಿಂದ. ಕೊಕ್ಕಿನ ತುದಿ ಕತ್ತರಿಸಿರುತ್ತಾರೆ, ನೆಲದಿಂದ ಕಾಳು ಹೆಕ್ಕಲು ಕಷ್ಟ, ಆದ್ದರಿಂದ ಅಡಿಕೆ ಹಾಳೆಯಲ್ಲಿ ದಪ್ಪವಾಗಿ ಹಾಕಿ. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಸಣ್ಣಗೆ ಕುಟ್ಟಿ ಬೇರೆ ಪಾತ್ರೆಯಲ್ಲಿಡಿ. ಹಿಟ್ಟು ಮಾಡಬೇಡಿ. ತುಂಡಾಗಿದ್ದರೆ ನಿಧಾನ ಕರಗುತ್ತದೆ, ಮೊಟ್ಟೆಯ ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಆ ಹೊತ್ತಿಗೆ ಸಿಗುತ್ತದೆ. ಎಲೆಯಡಿಕೆಯ ಸುಣ್ಣ ಮಾತ್ರ ಹಾಕಬೇಡಿ, ಬಾಯಿ, ಗಂಟಲು ಸುಡುತ್ತದೆ.

ತೋಟಕ್ಕೆ ಬಿಡುವ ಮೊದಲು ಇನ್ನೊಂದು ನೋಡಿ. ಅಡಿಕೆಗೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದು ಬಿಟ್ಟಿದ್ದರೆ ಬುಡದಲ್ಲಿ ನಿಂತ ನೀರಿನಲ್ಲಿ ಮೈಲುತುತ್ತು ಇರುತ್ತದೆ, ಅದು ಕೋಳಿಗೆ ವಿಷ. ಆ ದಿನಗಳಲ್ಲಿ ತೋಟ ಬೇಡ, ಮದ್ದು ಕಲಸಿದ ಬಾಲ್ದಿಯ ಹತ್ತಿರವೂ ಬೇಡ. ಗರಿ ಇಲ್ಲದ ಮೈಗೆ ಮಧ್ಯಾಹ್ನದ ಬಿಸಿಲೂ ಆಗುವುದಿಲ್ಲ, ಬೆಳಗ್ಗೆ ಸ್ವಲ್ಪ ಹೊತ್ತು ಸಾಕು. ಹೊಸ ಗರಿ ಮುಳ್ಳಿನ ಹಾಗೆ ಮೊಳೆಯುವಾಗ ಮುಟ್ಟಿದರೆ ನೋವಾಗುತ್ತದೆ, ರಕ್ತವೂ ಬರಬಹುದು. ಆಗ ಮೊಟ್ಟೆ ನಿಲ್ಲುವುದು ಸಹಜ, ನಿಲ್ಲಲಿ, ಆ ದೇಹಕ್ಕೆ ರಜೆ ಸಿಗುವುದೇ ಆಗ.

ಎಲ್ಲ ಸರಿ ಮಾಡಿದರೂ ಕೆಲವು ಉಳಿಯುವುದಿಲ್ಲ, ಮೊಟ್ಟೆಯ ಹಳದಿ ಭಾಗ ಒಳಗೇ ಸೋರಿ ಹೊಟ್ಟೆಯಲ್ಲಿ ಸೋಂಕಾಗುವುದು ಇವುಗಳಲ್ಲಿ ಜಾಸ್ತಿ. ಹೊಟ್ಟೆ ಉಬ್ಬಿ ಪೆಂಗ್ವಿನ್ ಹಾಗೆ ನಿಂತರೆ ಕಾಯಬೇಡಿ, ಮೃಗಾಸ್ಪತ್ರೆಗೆ ಒಯ್ಯಿರಿ. ಜಂತಿನ ಮದ್ದು, ಕೋಳಿಗಳ ರಾಣಿಖೇತ್ ರೋಗದ ಲಸಿಕೆಯ ಬಗ್ಗೆಯೂ ಅಲ್ಲೇ ಕೇಳಿ. ಮದ್ದು ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳಿಕೊಳ್ಳಿ.