ಹೊಸ ತಂತಿ ಹಾಕಿದರೂ ವೀಣೆ ಯಾಕೆ ಮಂಕು?

ಪ್ರಶ್ನೆ: ಅಮ್ಮನ ವೀಣೆ ಹತ್ತು ವರ್ಷ ಅಟ್ಟದ ಮೇಲಿತ್ತು. ಈಗ ಮಗಳು ಕಲಿಯುತ್ತಿದ್ದಾಳೆ. ಎರಡು ಸಲ ಹೊಸ ತಂತಿ ಹಾಕಿಸಿದೆವು. ಆದರೂ ನಾದ ಮಂಕು, ಒಂದೆರಡು ಸ್ವರ ಜುಂಯ್ ಅನ್ನುತ್ತವೆ. ಶಬ್ದ ಬರುವುದು ತಂತಿಯಿಂದ ಅಲ್ವಾ? ಮರಕ್ಕೇನು ಕೆಲಸ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೂರನೇ ಸಲ ತಂತಿಗೆ ದುಡ್ಡು ಹಾಕಬೇಡಿ. ನಿಮ್ಮ ಕಿವಿಗೆ ಬೀಳುತ್ತಿರುವ ನಾದ ಬಹುಪಾಲು ಮರದ್ದೇ.

ಫೋನನ್ನು ವೈಬ್ರೇಟಿಗೆ ಹಾಕಿ ಅಂಗೈಯಲ್ಲಿ ಹಿಡಿಯಿರಿ, ಅಷ್ಟೇನೂ ಸದ್ದಿಲ್ಲ. ಅದನ್ನೇ ಮರದ ಮೇಜಿನ ಮೇಲಿಟ್ಟರೆ ಪಕ್ಕದ ಕೋಣೆಗೂ ಕೇಳುತ್ತದೆ, ಯಾಕೆಂದರೆ ಈಗ ಇಡೀ ಮೇಜು ಅದುರಿ ಗಾಳಿಯನ್ನು ತಳ್ಳುತ್ತಿದೆ. ವೀಣೆಯಲ್ಲೂ ಹೀಗೇ. ತಂತಿ ತೀರಾ ತೆಳು, ಅದು ಎಷ್ಟು ಅದುರಿದರೂ ಗಾಳಿ ಆಚೀಚೆ ಜಾರಿಕೊಳ್ಳುತ್ತದೆ. ಆ ಅದುರು ಕುದುರೆಯ (ತಂತಿಗಳು ಕೂರುವ ಚಿಕ್ಕ ಸೇತುವೆ) ಮೂಲಕ ಕೊಡದ, ಅಂದರೆ ವೀಣೆಯ ದುಂಡನೆಯ ಟೊಳ್ಳು ಹೊಟ್ಟೆಯ, ಮೇಲಿನ ಹಲಗೆಗೆ ಇಳಿಯಬೇಕು. ಮಗಳು ನುಡಿಸುವಾಗ ಆ ಹಲಗೆಯ ಮೇಲೆ ಅಂಗೈ ಒತ್ತಿ ನೋಡಿ, ದನಿ ಕುಗ್ಗುವುದು ಗೊತ್ತಾಗುತ್ತದೆ.

ಹಾಗಂತ ಹಲಗೆ ತೆಳುವಾದಷ್ಟೂ ಒಳ್ಳೆಯದು ಅಂತಲ್ಲ. ತಂತಿಯ ಬಲವನ್ನು ಹಲಗೆ ಬೇಗ ಖರ್ಚು ಮಾಡಿದರೆ ದನಿ ಜೋರು, ಆದರೆ ಬೇಗ ಆರಿಹೋಗುತ್ತದೆ. ಒಳಗೆ ಟೊಳ್ಳಿಲ್ಲದ, ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್ ಇದಕ್ಕೆ ತದ್ವಿರುದ್ಧ: ತಂತಿ ಬಹಳ ಹೊತ್ತು ಅದುರುತ್ತದೆ, ಆಂಪ್ಲಿಫೈಯರ್ ಇಲ್ಲದೆ ದನಿಯೇ ಸಾಲದು. ವೀಣೆಯಲ್ಲಿ ಒಂದೇ ಮೀಟಿಗೆ ಗಮಕ (ಸ್ವರವನ್ನು ಬಾಗಿಸಿ ಆಡಿಸುವುದು) ಎಳೆಯಬೇಕಲ್ಲ, ಹಾಗಾಗಿ ಎರಡೂ ಬೇಕು. ಹಲಸಿನ ಮರವನ್ನು ಎಷ್ಟು ಕೆತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕೈಯಲ್ಲೇ ಅಳೆಯುವ ವೀಣೆ ಮಾಡುವವರ ಜಾಣ್ಮೆ ನನಗೆ ಇವತ್ತಿಗೂ ಬೆರಗು.

ಈಗ ನಿಮ್ಮ ವೀಣೆಗೆ ಬರೋಣ. ಮೊದಲು ಕುದುರೆ ನೋಡಿ. ಅದು ಹಲಗೆಗೆ ಸರಿಯಾಗಿ ಕೂತಿಲ್ಲದಿದ್ದರೆ ಅದುರು ಅಲ್ಲೇ ಸೋರಿಹೋಗುತ್ತದೆ. ಅದರ ಮೇಲಿನ ಲೋಹದ ಪಟ್ಟಿ ಸವೆದು ಗೆರೆ ಬಿದ್ದಿದ್ದರೂ ನಾದ ಮಂಕಾಗುತ್ತದೆ. ಸಿ.ವಿ. ರಾಮನ್ 1921ರಲ್ಲೇ ವೀಣೆ, ತಂಬೂರಿಗಳ ಕುದುರೆ ಬಗ್ಗೆ ಬರೆದಿದ್ದರು: ಅಗಲವಾದ, ತುಸು ಬಾಗಿದ ಆ ಮೈಗೆ ತಂತಿ ತಾಗಿ ಬಿಡುವುದರಿಂದಲೇ ಮೇಲಿನ ಸ್ವರಗಳೂ ಸೇರಿ ನಾದ ತುಂಬಿಕೊಳ್ಳುತ್ತದೆ.

ಜುಂಯ್ ಅನ್ನುವುದಕ್ಕೆ ನನಗೆ ಅನುಮಾನ ಅಟ್ಟದ ಬಿಸಿಲಿನ ಮೇಲೆ. ಮೆಟ್ಟುಗಳನ್ನು (ತಂತಿಯ ಕೆಳಗಿನ ಲೋಹದ ಅಡ್ಡಪಟ್ಟಿಗಳು) ಹಿಡಿದಿಡುವ ಮೇಣ ಕರಗಿ 24ರಲ್ಲಿ ಒಂದೆರಡು ಏರುಪೇರಾಗಿರಬಹುದು, ಆಗ ತಂತಿ ಪಕ್ಕದ ಮೆಟ್ಟಿಗೆ ತಾಗುತ್ತದೆ. ಮೆಟ್ಟು ಸರಿಯಿದ್ದರೆ ಇನ್ನೊಂದು ತುದಿಯ ಕೆಳಗಿರುವ ಬುರುಡೆಯ ತಿರುಪು ಸಡಿಲವಾಗಿದೆಯಾ, ಕೊಡದಲ್ಲಿ ಬಿರುಕಿದೆಯಾ ನೋಡಿ. ಸಡಿಲವಾದ ಭಾಗ ತನಗೆ ಹೊಂದುವ ಸ್ವರ ಬಂದಾಗಷ್ಟೇ ಗುಯ್ಗುಟ್ಟುತ್ತದೆ. ಮಗಳು ಆ ಸ್ವರ ನುಡಿಸುತ್ತಿರಲಿ, ನೀವು ಒಂದೊಂದೇ ಜಾಗ ಬೆರಳಲ್ಲಿ ಒತ್ತುತ್ತಾ ಹೋಗಿ. ಎಲ್ಲಿ ಸದ್ದು ನಿಂತಿತೋ ಅಲ್ಲೇ ರಿಪೇರಿ.

ವೀಣೆ ಮಾಡುವವರ ಹತ್ತಿರವೇ ಒಯ್ಯಿರಿ. ಹೊಳಪು ಬರಲಿ ಅಂತ ಯಾರಾದರೂ ಹಲಗೆಗೆ ದಪ್ಪಗೆ ಪಾಲಿಶ್ ಬಳಿಯಲು ಬಂದರೆ ದಯವಿಟ್ಟು ಬೇಡ ಅನ್ನಿ.