ಕೆಲಸ ಬಿಟ್ಟರೂ ಬಿಡದ ಲೆಕ್ಕ

ಈಕೆಯನ್ನು ಸುಮಾ ಅನ್ನೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 35ರ ಆಸುಪಾಸು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಸಕಲೇಶಪುರದ ಹತ್ತಿರದ ತವರಿಗೆ ಬಂದಿದ್ದರು. ಅಲ್ಲಿ ಅಪ್ಪ, ಅಮ್ಮ, ಸಣ್ಣ ಕಾಫಿ ತೋಟ. ಗಂಡ ಬೆಂಗಳೂರಲ್ಲೇ ಇದ್ದಾರೆ. ನೆಮ್ಮದಿ ಬೇಕು ಅಂತ ಊರಿಗೆ ಬಂದವರು ಹಾಸನದಲ್ಲಿ ಸಲಹೆ ಕೇಳಲು ನನ್ನೆದುರು ಕೂತು ಹೇಳಿದ್ದು: "ಮೇಡಂ, ಇಲ್ಲೂ ನಾನು ಏನೂ ಮಾಡ್ತಾ ಇಲ್ಲ ಅನ್ಸುತ್ತೆ."

ದಿನಚರಿ ಕೇಳಿದೆ. ಬೆಳಿಗ್ಗೆ 5ಕ್ಕೆ ಅಲಾರಂ. ಆ್ಯಪ್ ಇಟ್ಟುಕೊಂಡು 20 ನಿಮಿಷ ಧ್ಯಾನ. ಡೈರಿ. ತೋಟದಲ್ಲಿ 10,000 ಹೆಜ್ಜೆ. ವಾರಕ್ಕೊಂದು ಪುಸ್ತಕ. ಮುಗಿದದ್ದಕ್ಕೆ ಎಕ್ಸೆಲ್‌ನಲ್ಲಿ ಹಸಿರು, ತಪ್ಪಿದ್ದಕ್ಕೆ ಕೆಂಪು. ಕೆಂಪು ಜಾಸ್ತಿಯಾದ ದಿನ ರಾತ್ರಿ ನಿದ್ದೆ ಇಲ್ಲ.

ಜೊತೆಗೆ ಬಂದಿದ್ದ ತಾಯಿಯ ಮಾತಿನಿಂದ ನನಗೆ ವಿಷಯ ತಿಳಿಯಾಯಿತು. "ಜಗಲೀಲಿ ಕೂತು ನನ್ನ ಜೊತೆ ಅವರೆಕಾಯಿ ಸುಲೀತಾಳೆ. ಕಿವೀಲಿ ಅದೇನೋ ಸಿಕ್ಕಿಸ್ಕೊಂಡಿರ್ತಾಳೆ. ನಾನು ಮಾತಾಡೋದೇ ಬಿಟ್ಟಿದೀನಿ." ಸುಮಾ ಪಾಡ್‌ಕಾಸ್ಟ್ ಕೇಳುತ್ತಿದ್ದರು, ಅದೂ ಒಂದೂವರೆ ಪಟ್ಟು ವೇಗದಲ್ಲಿ. ಕಾಯಿ ಸುಲಿಯುವ ಹೊತ್ತು ದಂಡ ಆಗಬಾರದಲ್ವಾ ಎಂದು.

ಮೊದಲು ಖಿನ್ನತೆ ಇದೆಯಾ ನೋಡಿದೆ. ಊಟ, ನಿದ್ದೆ, ಸಾಯುವ ಯೋಚನೆ, ಎಲ್ಲವನ್ನೂ ನೇರವಾಗಿ ಕೇಳಿದೆ. ಸಾಯುವ ಯೋಚನೆ ಇರಲಿಲ್ಲ. ಅಂಥ ಯೋಚನೆ ಇದ್ದವರು ಇನ್ನೊಂದು ಭೇಟಿಗೆ ಕಾಯುತ್ತಾ ಕೂರಬಾರದು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದ್ದರೂ ಸುಸ್ತು ಹೀಗೇ ಕಾಡುತ್ತದೆ. ರಕ್ತಪರೀಕ್ಷೆ ಮಾಡಿಸಿದೆವು, ಸರಿ ಇತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ಸ್ಪಷ್ಟವಾಗಿ ಹೇಳಿತು. ಅದು ಕಾಯಿಲೆಯಲ್ಲ, ಕೆಲಸದ ಒತ್ತಡ ನಿಭಾಯಿಸಲಾಗದೆ ದೀರ್ಘಕಾಲ ಉಳಿದಾಗ ಬರುವ ಸ್ಥಿತಿ. ಬಳಲಿಕೆ, ಕೆಲಸದ ಮೇಲೆ ಜಿಗುಪ್ಸೆ, ನನ್ನ ಕೈಲಾಗಲ್ಲ ಅನ್ನುವ ಭಾವ ಅದರ ಲಕ್ಷಣಗಳು. ಕೆಲಸ ಬಿಡುವಾಗ ಸುಮಾಗೆ ಮೂರೂ ಇದ್ದವು. ಬಿಟ್ಟ ಮೇಲೆ ಮೊದಲ ಎರಡು ಇಳಿದವು. ಮೂರನೆಯದು ಊರಿಗೂ ಜೊತೆಗೇ ಬಂತು. ಇಲ್ಲಿ ಮ್ಯಾನೇಜರ್ ಇಲ್ಲದಿದ್ದರೂ ದಿನಾ ಸಂಜೆ ತಮ್ಮ ಮೇಲೆ ತಾವೇ ಷರಾ ಬರೆಯುತ್ತಿದ್ದರು.

"ಒಂದು ಹೊಸ ದಿನಚರಿ ಬರೆದುಕೊಡಿ" ಅಂದರು. ಕೊಡಲಿಲ್ಲ. ಕೊಟ್ಟಿದ್ದರೆ ಅದೂ ಎಕ್ಸೆಲ್‌ಗೆ ಹೋಗುತ್ತಿತ್ತು. ಯಾವ ಲೆಕ್ಕ ಬೇಕು, ಯಾವುದು ಬೇಡ ಅಂತ ಇಬ್ಬರೂ ಕೂತು ನೋಡಿದೆವು. ಆಳುಗಳ ಕೂಲಿ, ಗೊಬ್ಬರದ ಖರ್ಚು, ಬೆಂಗಳೂರಿನ ಫ್ಲ್ಯಾಟ್‌ನ ಇಎಂಐ ಬರೆಯಲೇಬೇಕು. ಸರಳವಾಗಿ ಬದುಕಿ ಎಂದು ಉಪದೇಶ ಮಾಡುವವರು ಇಎಂಐ ಮಾತೇ ಎತ್ತುವುದಿಲ್ಲ. ಕೇಳಿದವರು ಆಮೇಲೆ ಒದ್ದಾಡುತ್ತಾರೆ. ಇದು ನನಗೆ ಬಹಳ ಬೇಸರದ ಸಂಗತಿ. ಆದರೆ ಧ್ಯಾನ, ನಡಿಗೆ, ಓದಿಗೆ ಲೆಕ್ಕ ಬೇಡ ಎಂದೆ. 10,000 ಹೆಜ್ಜೆಯ ಗುರಿಯನ್ನು ವೈದ್ಯರು ಗೊತ್ತುಮಾಡಿದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಸಾಧನವೊಂದರ ಮಾರಾಟದ ಜೊತೆ ಹುಟ್ಟಿದ್ದು ಅದು. ಇದನ್ನು ಕೇಳಿ ಅವರಿಗೆ ಸಿಟ್ಟೇ ಬಂತು.

ಕೊಟ್ಟ ಸಲಹೆ ಒಂದೇ. ಅವರೆಕಾಯಿ ಸುಲಿಯುವಾಗ ಕಿವಿಗೆ ಏನೂ ಹಾಕಬೇಡಿ. ಚಡಪಡಿಕೆ ಆಗುತ್ತೆ, ಸುಮ್ನೆ ಕೂತಿದೀನಿ ಅಂತ ಮನಸ್ಸು ಚುಚ್ಚುತ್ತೆ. ಅದಕ್ಕೆ ಹೆದರಿ ಎದ್ದು ಹೋಗಬೇಡಿ. ಎದ್ದು ಹೋದಷ್ಟೂ ಅದು ಬಲಿಯುತ್ತೆ, ಕೂತಿದ್ದರೆ ನಿಧಾನಕ್ಕೆ ಇಳಿಯುತ್ತೆ.

ಮೊದಮೊದಲು ಅಳು ಬಂತಂತೆ. ಆಮೇಲೆ ತಾಯಿ ಮಾತಿಗೆ ಶುರು ಮಾಡಿದರಂತೆ. ಅಪ್ಪನ ಬ್ಯಾಂಕ್ ಸಾಲ, ತಮ್ಮ ಮಂಡಿ ನೋವು, ಮಗಳಿಂದ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದರಂತೆ. ಈಗ ತೋಟದ ಲೆಕ್ಕವನ್ನು ಸುಮಾ ನೋಡುತ್ತಾರೆ. ನಿದ್ದೆ ಪರವಾಗಿಲ್ಲ. ಧ್ಯಾನದ ಆ್ಯಪ್ ತೆಗೆದಿದ್ದಾರೆ, ಹೆಜ್ಜೆ ಎಣಿಸುವ ವಾಚ್ ಮಾತ್ರ ಇನ್ನೂ ಕೈಯಲ್ಲೇ ಇದೆ. ನಾನು ಒತ್ತಾಯ ಮಾಡಿಲ್ಲ.

ಗಂಡನ ಜೊತೆಗಿನ ಮಾತು ಬಾಕಿ ಇದೆ. ಎಲ್ಲಿ ಬದುಕಬೇಕು, ಇಎಂಐ ಯಾರು ಕಟ್ಟಬೇಕು ಅನ್ನೋದನ್ನು ಒಬ್ಬರೇ ತೀರ್ಮಾನಿಸಲು ಆಗಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಬನ್ನಿ ಎಂದಿದ್ದೇನೆ.